ಅತ್ತೆಯ ಟ್ರಂಕಿನಲ್ಲಿದ್ದ ನೋಟೀಸು: ಪಿಟಿಸಿಎಲ್ ಕಾಯ್ದೆಯಡಿ ಒಂದು ಜಮೀನು ವಾಪಸ್ ಬಂದ ಬಗೆ

ಹಳೇ ಮೈಸೂರು ಭಾಗದ ಒಂದು ಮಳೆಯಾಶ್ರಿತ ತಾಲ್ಲೂಕಿನಲ್ಲಿರುವ 2 ಎಕರೆ 10 ಗುಂಟೆ ಜಮೀನಿನ ಕತೆ ಇದು. 2013ರಿಂದ ಈ ಜಮೀನಿನ ಮೂಲ ದಲಿತ ಕುಟುಂಬದ ಕಾಗದಪತ್ರ ನೋಡಿಕೊಂಡವಳು ನಾನು. ಊರು, ಸರ್ವೆ ನಂಬರು, ಹೆಸರು ಯಾವುದನ್ನೂ ಇಲ್ಲಿ ಹೇಳುತ್ತಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಸರ್ಕಾರ ಮಂಜೂರು ಮಾಡಿ ಆಮೇಲೆ ಕೈಬಿಟ್ಟುಹೋದ ಇಂಥದ್ದೇ ಜಮೀನಿಗಾಗಿ ಎಸಿ, ಅಂದರೆ ಉಪವಿಭಾಗಾಧಿಕಾರಿ, ಕೋರ್ಟಿಗೆ ಅಲೆಯುತ್ತಿರುವ ಪರಿಶಿಷ್ಟರ ಮನೆಗಳು ಎಷ್ಟೋ ಇವೆ. ನಾವು ಎಲ್ಲಿ ಎಡವಿದೆವು, ಎಲ್ಲಿ ದಾರಿ ಸಿಕ್ಕಿತು ಅಂತ ಅವರಿಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಜಮೀನು ಬಂದದ್ದು, ಹೋದದ್ದು

ಆ ಕುಟುಂಬದ ತಾತನಿಗೆ ಈ ಜಮೀನು 1962ರಲ್ಲಿ ದರಖಾಸ್ತಿನಲ್ಲಿ, ಅಂದರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಿದ ಮೇಲೆ, ಮಂಜೂರಾಯಿತು. ಊರಾಚೆಯ ಸರ್ಕಾರಿ ಗೋಮಾಳ, ಕಲ್ಲು ಮುಳ್ಳಿನ ನೆಲ. ಮೂರು ವರ್ಷ ಗಂಡ ಹೆಂಡತಿ ಸೇರಿ ಕಲ್ಲು ಆಯ್ದು ಬದು ಹಾಕಿದರು. ಹದಿನೈದು ವರ್ಷ ಪರಭಾರೆ ಮಾಡಕೂಡದು, ಅಂದರೆ ಮಾರಿ ಬೇರೆಯವರಿಗೆ ವಹಿಸಕೂಡದು ಎನ್ನುವುದು ಮಂಜೂರಾತಿಯ ಷರತ್ತು.

1968ರಲ್ಲಿ ದೊಡ್ಡ ಮಗಳ ಮದುವೆ. ಊರಿನ ಜಮೀನ್ದಾರರೊಬ್ಬರಿಂದ ತಾತ 600 ರೂಪಾಯಿ ತೆಗೆದುಕೊಂಡ. ಜಮೀನನ್ನು ಭೋಗ್ಯಕ್ಕೆ ಹಾಕುತ್ತಿದ್ದೇನೆ, ದುಡ್ಡು ಕೊಟ್ಟು ಬಿಡಿಸಿಕೊಳ್ಳುತ್ತೇನೆ ಅಂತ ಅವನ ಲೆಕ್ಕ. ಹೆಬ್ಬೆಟ್ಟು ಒತ್ತಿದ ಕಾಗದ ಮಾತ್ರ ಶುದ್ಧ ಕ್ರಯಪತ್ರವಾಗಿತ್ತು. ಮುಂದೆ ಅದೇ ಹೊಲದಲ್ಲಿ ಕೂಲಿ ಮಾಡಿದ. 1983ರಲ್ಲಿ ತೀರಿಕೊಂಡ.

ಈ ನಡುವೆ ಕಾನೂನು ಬದಲಾಗಿತ್ತು. 1974ರ ಭೂಸುಧಾರಣೆಯಲ್ಲಿ ಭೂಮಿ ಸಿಕ್ಕಿದ್ದು ಗೇಣಿದಾರರಿಗೆ. ಗೇಣಿಯೂ ಇಲ್ಲದ, ಬರೀ ಕೂಲಿ ಮಾಡುತ್ತಿದ್ದ ದಲಿತರಲ್ಲಿ ಹೆಚ್ಚಿನವರಿಗೆ ಅದರಿಂದ ಏನೂ ದಕ್ಕಲಿಲ್ಲ. ಸರ್ಕಾರ ಬೇರೆಯಾಗಿ ಮಂಜೂರು ಮಾಡಿದ ತುಂಡು ಜಮೀನೂ ಮದುವೆ, ಕಾಯಿಲೆ, ಬರ ಅಂತ ಕೈಬಿಟ್ಟು ಹೋಗುತ್ತಿತ್ತು. ಅದಕ್ಕೇ ದೇವರಾಜ ಅರಸು ಸರ್ಕಾರದ ಕಾಲದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದವರ ಜಮೀನು ಪರಭಾರೆ ನಿಷೇಧ ಕಾಯ್ದೆ, ಅಂದರೆ ಎಲ್ಲರೂ ಕರೆಯುವ ಪಿಟಿಸಿಎಲ್ ಕಾಯ್ದೆ ಬಂತು. 1979ರ ಜನವರಿ 1ರಿಂದ ಜಾರಿ.

ಇದು ಬಹಳ ಗಟ್ಟಿ ಕಾಯ್ದೆ. ಷರತ್ತು ಮುರಿದು ಆದ ಮಾರಾಟ, ಕಾಯ್ದೆಗಿಂತ ಮೊದಲು ಆಗಿದ್ದರೂ, ಲೆಕ್ಕಕ್ಕಿಲ್ಲ. ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿ ಇಲ್ಲದೆ ಮಾರುವಂತೆಯೇ ಇಲ್ಲ. ಜಮೀನು ಬೇರೆಯವರ ಕೈಯಲ್ಲಿದ್ದರೆ, ಅದು ಅಕ್ರಮವಾಗಿಯೇ ಬಂದದ್ದು ಎಂದು ಮೊದಲು ಭಾವಿಸಬೇಕು. ಅಲ್ಲ ಎಂದು ತೋರಿಸುವ ಹೊಣೆ ಅವರದ್ದು. ಎಸಿಗೆ ಜಮೀನು ಬಿಡಿಸಿ ಮೂಲ ಮಂಜೂರಿದಾರರಿಗೆ ಅಥವಾ ವಾರಸುದಾರರಿಗೆ ಕೊಡುವ ಅಧಿಕಾರ ಇದೆ. ಯಾರೂ ಅರ್ಜಿ ಕೊಡದಿದ್ದರೂ ಅವರು ತಾವಾಗಿಯೇ ಕ್ರಮ ತೆಗೆದುಕೊಳ್ಳಬಹುದು. ಈ ಕೊನೆಯ ಮಾತು ನೆನಪಿರಲಿ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಕಾಯ್ದೆ ಬರುವ ಮೊದಲೇ ಯಾರಾದರೂ ದೀರ್ಘಕಾಲದ ಅನುಭವದಿಂದ ಹಕ್ಕು ಪಕ್ಕಾ ಮಾಡಿಕೊಂಡಿದ್ದರೆ ಅಂಥವರಿಗೆ ಅನ್ವಯಿಸದು ಎಂದಿತು. ಆ ಅವಧಿ ಎಷ್ಟು? ಜಮೀನು ಮಂಜೂರಿದಾರನ ಪೂರ್ಣ ಹಕ್ಕಿನದಾಗಿದ್ದರೆ 12 ವರ್ಷ, ಒಡೆತನ ಸರ್ಕಾರದಲ್ಲೇ ಉಳಿದಿದ್ದರೆ 30 ವರ್ಷ ಎಂದು 1994ರಲ್ಲಿ ಹುಚ್ಚೇಗೌಡ ಪ್ರಕರಣದಲ್ಲಿ ಬಿಡಿಸಿ ಹೇಳಿತು.

ಮೊದಲ ಸೋಲು

ಮೊಮ್ಮಗ ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿಕೊಂಡಿದ್ದ. ಅಪ್ಪ 2008ರಲ್ಲಿ ಹೋದ ಮೇಲೆ ಊರಿಗೆ ಬಂದ. 2011ರಲ್ಲಿ ಯಾರದೋ ಮಾತು ಕೇಳಿ ಎಸಿ ಕೋರ್ಟಿಗೆ ಅರ್ಜಿ ಹಾಕಿದ. ಕೈಯಲ್ಲಿ ಇದ್ದದ್ದು ಹಳೆಯ ಕೈಬರಹದ ಪಹಣಿಯ ನಕಲು, ಜಾತಿ ಪ್ರಮಾಣಪತ್ರ, ಅಷ್ಟೇ. ಮಂಜೂರಾತಿಗೆ ದಾಖಲೆಯಾಗಿ ಕೊಡುವ ಸಾಗುವಳಿ ಚೀಟಿ ಎಂದೋ ಗೆದ್ದಲು ಪಾಲಾಗಿತ್ತು.

2013ರಲ್ಲಿ ಅರ್ಜಿ ವಜಾ. ಕಾರಣ ಒಂದೇ ಸಾಲು: ಮಂಜೂರಾತಿ ಸಾಬೀತಾಗಿಲ್ಲ. ಎಸಿ ಆದೇಶದ ಮೇಲೆ ಡಿಸಿಗೆ ಅಪೀಲು ಹಾಕಲು ಮೂರು ತಿಂಗಳು ಅವಕಾಶ. ಎರಡು ತಿಂಗಳು ಹತ್ತು ದಿನ ಕಳೆದ ಮೇಲೆ ಅವನು ನನ್ನ ಹತ್ತಿರ ಬಂದ. ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಆರು ಹಾಳೆ.

ಅಪೀಲು ಹಾಕಿಬಿಟ್ಟು ಮಾಹಿತಿ ಹಕ್ಕಿನಲ್ಲಿ ಮಂಜೂರಾತಿ ಕಡತ ಕೇಳಿದೆವು. ತಾಲ್ಲೂಕು ಕಚೇರಿಯಿಂದ ಹಿಂಬರಹ ಬಂತು: ಕಡತ ಲಭ್ಯವಿರುವುದಿಲ್ಲ. ದರಖಾಸ್ತು ರಿಜಿಸ್ಟರ್ ಕೇಳಿದೆವು. ಆ ವರ್ಷದ ಪುಟಗಳು ಹರಿದಿವೆ ಅಂದರು. ರೆಕಾರ್ಡ್ ರೂಮಿನಲ್ಲಿ ನಿಂತು ಐಎಲ್, ಆರ್‌ಆರ್ ಅನ್ನುವ ಹಳೆಯ ಜಮೀನು, ಹಕ್ಕು ದಾಖಲೆ ಪುಸ್ತಕ ತೆಗೆಸಿ ನೋಡಿದರೆ ತಾತನ ಹೆಸರೇನೋ ಇತ್ತು, ಜಮೀನು ಹೇಗೆ ಬಂತು ಅನ್ನುವ ಕಾಲಂ ಮಸಿ ಕಲಸಿಹೋಗಿತ್ತು. ಕಡತ ಕಾಪಾಡಬೇಕಾದದ್ದು ಸರ್ಕಾರ. ಅದು ಕಳೆದುಹೋದರೆ ಶಿಕ್ಷೆ ಹೆಬ್ಬೆಟ್ಟಿನ ಜನಕ್ಕೆ. ಇದು ನನಗೆ ಇವತ್ತಿಗೂ ಹೊಟ್ಟೆ ಉರಿಯುವ ಸಂಗತಿ.

ಆಗ ಒಂದು ಯೋಚನೆ ಬಂತು. ನಮ್ಮ ಕಾಗದ ಸಿಗದಿದ್ದರೆ ಅವರ ಕಾಗದ ನೋಡೋಣ ಅಲ್ವಾ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ 1968ರ ಕ್ರಯಪತ್ರದ ದೃಢೀಕೃತ ನಕಲಿಗೆ ಅರ್ಜಿ ಕೊಟ್ಟೆವು. ಹನ್ನೊಂದು ದಿನಕ್ಕೆ ಕೈಗೆ ಬಂತು. ಪತ್ರ ಬರಹಗಾರನ ಉದ್ದುದ್ದ ಅಕ್ಷರ. ಎರಡನೇ ಪುಟದ ನಾಲ್ಕನೇ ಸಾಲಿನಲ್ಲಿ ಹೀಗಿತ್ತು: 'ಆದಿ ಕರ್ನಾಟಕ ಜನಾಂಗದವನಾದ ನನಗೆ ಸರ್ಕಾರದಿಂದ ದರಖಾಸ್ತು ಮೂಲಕ ಮಂಜೂರಾಗಿ ನನ್ನ ಸ್ವಾಧೀನಾನುಭವದಲ್ಲಿರುವ ಸದರಿ ಜಮೀನನ್ನು'. ಜಾತಿ, ಮಂಜೂರಾತಿ, ಎರಡೂ ಒಂದೇ ಸಾಲಿನಲ್ಲಿ. ಅದೂ ಕೊಂಡವರು ತಮ್ಮ ಹಕ್ಕಿಗೆ ಆಧಾರ ಅಂತ ಇಟ್ಟುಕೊಂಡ ಪತ್ರದಲ್ಲೇ. ಮೊಮ್ಮಗ ಆ ಸಾಲನ್ನು ಮೂರು ಸಲ ಓದಿಸಿಕೊಂಡ.

ದಿನಾಂಕ ನೋಡಿದೆವು. 1968ರ ಜೂನ್. ಮಂಜೂರಾಗಿ ಆರೇ ವರ್ಷ, ಷರತ್ತು ಮುರಿದದ್ದು ಖಚಿತ. ಅಲ್ಲಿಂದ 1979ರ ಜನವರಿ 1ಕ್ಕೆ ಹತ್ತೂವರೆ ವರ್ಷ. 30 ಇರಲಿ, 12 ವರ್ಷವೂ ತುಂಬಿಲ್ಲ. 1965ರಿಂದಲೇ ಉಳುತ್ತಿದ್ದೆವು ಅಂತ ಎದುರಿನವರು ಬಾಯಿಮಾತಲ್ಲಿ ವಾದಿಸಿದರು. ಅವರ ಪತ್ರವೇ ಅದನ್ನು ಸುಳ್ಳು ಮಾಡಿತು. 'ಈ ದಿನ ಸ್ವಾಧೀನ ಕೊಟ್ಟಿರುತ್ತೇನೆ' ಎಂದು ಅದರಲ್ಲಿ ಬರೆದಿತ್ತು.

ಗೆದ್ದೇಬಿಟ್ಟೆವು ಅಂದುಕೊಂಡೆವು.

ಎರಡನೇ ಸೋಲು

ಅಪೀಲು ಐದು ವರ್ಷ ನಡೆಯಿತು. ಅಷ್ಟರಲ್ಲಿ, 2017ರಲ್ಲಿ, ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು ಬಂತು. ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣ. ಕಾಯ್ದೆಯಲ್ಲಿ ಕಾಲಮಿತಿ ಹೇಳಿಲ್ಲದಿದ್ದರೂ ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಹಾಕಿರಬೇಕು, ಇಪ್ಪತ್ತು ಮೂವತ್ತು ವರ್ಷ ಬಿಟ್ಟು ಬಂದರೆ ಆಗದು ಎನ್ನುವುದು ಅದರ ಸಾರ. ಅದಾದ ಮೇಲೆ ರಾಜ್ಯದಲ್ಲಿ ಅರ್ಜಿಗಳು ಸಾಲುಸಾಲಾಗಿ ಬಿದ್ದವು. ನಮ್ಮದೂ 2018ರಲ್ಲಿ ಬಿತ್ತು. ಮಂಜೂರಾತಿ ಸಾಬೀತಾಗಿದೆ, ಷರತ್ತು ಉಲ್ಲಂಘನೆಯೂ ಆಗಿದೆ, ಆದರೆ 1979ರಲ್ಲಿ ಬಂದ ಕಾಯ್ದೆಯಡಿ 2011ರಲ್ಲಿ ಅರ್ಜಿ, 32 ವರ್ಷ ವಿಳಂಬ, ವಜಾ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕೊಂಡವರು ಅಷ್ಟು ವರ್ಷ ಹೂಡಿದ ಬೆವರು, ದುಡ್ಡಿಗೂ ಬೆಲೆ ಇದೆ, ಯಾವಾಗ ಬೇಕಾದರೂ ಜಮೀನು ಹೋಗಬಹುದು ಎಂಬ ಸ್ಥಿತಿ ಯಾರಿಗೂ ಒಳ್ಳೆಯದಲ್ಲ ಎಂಬ ಮಾತು ನನಗೆ ಅರ್ಥವಾಗುತ್ತದೆ. ಆದರೆ ತಾನಾಗಿಯೇ ಕ್ರಮ ತೆಗೆದುಕೊಳ್ಳಬಹುದಾಗಿದ್ದ ಅಧಿಕಾರಿ 32 ವರ್ಷ ಸುಮ್ನೆ ಕೂತದ್ದು ವಿಳಂಬ ಅಲ್ಲ, ಅದೇ ಜಮೀನ್ದಾರರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು ಬಾಯಿ ಬಿಡಲಾಗದೆ ಇದ್ದದ್ದು ಮಾತ್ರ ವಿಳಂಬ ಅನ್ನುವುದು ಹೇಗೆ ಸರಿ?

ಅಭಿಪ್ರಾಯದಿಂದ ಕೇಸು ಗೆಲ್ಲುವುದಿಲ್ಲ. ಹೈಕೋರ್ಟಿಗೆ ರಿಟ್ ಹಾಕಬೇಕು. 2019ರಲ್ಲಿ ಒಬ್ಬ ವಕೀಲರು ಫೀಸಿಲ್ಲದೆ ಒಪ್ಪಿಕೊಂಡರು. ಅವರು ಕಾಗದ ನೋಡಿ ಕೇಳಿದ ಮೊದಲ ಪ್ರಶ್ನೆ: 'ವಂಶವೃಕ್ಷದಲ್ಲಿ ಹೆಣ್ಣುಮಕ್ಕಳು ಎಲ್ಲಿ?'

ತಾತನಿಗೆ ಒಬ್ಬ ಮಗ, ಮೂವರು ಹೆಣ್ಣುಮಕ್ಕಳು. ವಂಶವೃಕ್ಷದಲ್ಲಿ ಇದ್ದದ್ದು ಮಗ, ಅವನ ಮಗ, ಇಬ್ಬರೇ. 2011ರಲ್ಲಿ ಬರೆದುಕೊಟ್ಟವರು ಹಾಗೆ ಬರೆದಿದ್ದರು, ನಾನೂ ಐದು ವರ್ಷ ಅದನ್ನೇ ಮುಂದುವರಿಸಿದ್ದೆ. ನನ್ನ ದೊಡ್ಡ ತಪ್ಪು ಅದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲು ಬರೆಯದೆ ತೀರಿಕೊಂಡ ತಂದೆಯ ಸ್ವಂತ ಆಸ್ತಿಯಲ್ಲಿ ಹೆಣ್ಣುಮಕ್ಕಳೂ ಮೊದಲ ಸಾಲಿನ ವಾರಸುದಾರರೇ. ಒಂದು ಅನ್ಯಾಯ ಸರಿಪಡಿಸಲು ಹೊರಟು ಮನೆಯೊಳಗೆ ಇನ್ನೊಂದನ್ನು ಮಾಡುತ್ತಿದ್ದೆವು. ಮೊಮ್ಮಗನಿಗೆ ಮೊದಲು ಕಷ್ಟವಾಯಿತು. 'ಕೇಸಿಗೆ ಅಲೆದದ್ದು ನಾನು, ಪಾಲು ಕೇಳೋಕೆ ಅವರಾ?' ಅಂದ. ಒಂದು ವಾರ ಮಾತಾಡಲಿಲ್ಲ. ಆಮೇಲೆ ಅವನೇ ಫೋನು ಮಾಡಿ, 'ಬನ್ನಿ ಮೇಡಂ, ಅತ್ತೆಯರ ಸಹಿ ಹಾಕಿಸೋಣ' ಅಂದ.

ಟ್ರಂಕು

ಕಿರಿಯ ಅತ್ತೆಯನ್ನು ಕೊಟ್ಟಿದ್ದು ಮೂವತ್ತು ಕಿಲೋಮೀಟರ್ ದೂರದ ಊರಿಗೆ. ಏಳನೇ ಕ್ಲಾಸಿನವರೆಗೆ ಓದಿದ್ದಾರೆ. ಆ ಮನೆಯಲ್ಲಿ ಆ ಕಾಲಕ್ಕೆ ಅಕ್ಷರ ಬರುತ್ತಿದ್ದದ್ದು ಅವರೊಬ್ಬರಿಗೇ. ನಾವು ವಿಷಯ ಹೇಳಿದೆವು. ಅವರು ಏನೂ ಮಾತಾಡದೆ ಒಳಗೆ ಹೋದರು. ಮಂಚದ ಕೆಳಗಿನ ತಗಡಿನ ಟ್ರಂಕು ಎಳೆದು, ಮಕ್ಕಳ ಅಂಕಪಟ್ಟಿ, ಹೆರಿಗೆ ಕಾರ್ಡು, ರೇಷನ್ ಕಾರ್ಡಿನ ಕೆಳಗಿಂದ ನಾಲ್ಕಾಗಿ ಮಡಚಿದ ಒಂದು ಕಾಗದ ತೆಗೆದರು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಲು ಸಿದ್ಧವಾಗಿತ್ತು.

ಉಪವಿಭಾಗಾಧಿಕಾರಿ ನ್ಯಾಯಾಲಯದ ವಿಚಾರಣಾ ನೋಟೀಸು. 1987ನೇ ಇಸವಿ. ಅಜ್ಜಿಯ ಹೆಸರು. ಪಿಟಿಸಿಎಲ್ ಅಂತ ಬರೆದು, ಪಕ್ಕದಲ್ಲಿ 1986-87ನೇ ಸಾಲಿನ ಕೇಸು ನಂಬರು. ಕೆಳಗೆ ನೀಲಿ ಮೊಹರು.

'ಇದ ಓದಿ ಹೇಳಿದ್ದು ನಾನೇ ಕಣಮ್ಮ. ಆಗ ನಂಗೆ ಹದಿಮೂರೋ ಹದಿನಾಲ್ಕೋ. ಅವ್ವ ನನ್ನ ಕರ್ಕೊಂಡು ಎರಡು ಸಲ ಕೋರ್ಟಿಗೆ ಹೋಗಿದ್ಲು' ಅಂದರು.

ಆ ಕಾಲದಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ಕೇರಿಗಳಿಗೆ ಹೋಗಿ ಕಾಯ್ದೆ ತಿಳಿಸಿ ಅರ್ಜಿ ಬರೆದುಕೊಡುತ್ತಿದ್ದರು. ಹಾಗೆ ಬಂದ ಒಬ್ಬರು ಅಜ್ಜಿಗೂ ಬರೆದುಕೊಟ್ಟಿದ್ದರು. ಅಂದರೆ ಕುಟುಂಬ ಅರ್ಜಿ ಹಾಕಿದ್ದು 2011ರಲ್ಲಲ್ಲ, 1986ರಲ್ಲಿ. ಕಾಯ್ದೆ ಬಂದು ಏಳು ವರ್ಷಕ್ಕೆ.

ಹಾಗಾದರೆ ಆ ಕೇಸು ಏನಾಯಿತು? ಅತ್ತೆ ಸ್ವಲ್ಪ ಹೊತ್ತು ಸೆರಗಿನ ಅಂಚು ಹಿಡಿದು ಕೂತರು. ಆಮೇಲೆ ಹೇಳಿದರು. ಊರಿನವರು ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿಸಿದರು. ಜಮೀನ್ದಾರರ ಕಡೆಯಿಂದ 1,500 ರೂಪಾಯಿ, ಎರಡು ಮೂಟೆ ರಾಗಿ. ಇನ್ನು ಕೋರ್ಟಿಗೆ ಹೋಗಕೂಡದು. ಹೋದರೆ ಯಾರ ಹೊಲದಲ್ಲೂ ಕೂಲಿ ಇಲ್ಲ. 'ಅವ್ವ ಈಸ್ಕೊಂಡ್ಲು. ನಾಲ್ಕು ಹೊಟ್ಟೆ ಇತ್ತು ಕಣಮ್ಮ. ಅಣ್ಣಂಗೆ ಅದು ನಾಚ್ಕೆ. ಅದ್ಕೇ ಯಾರೂ ಮಾತೆತ್ಲಿಲ್ಲ.'

ಮೊಮ್ಮಗನಿಗೆ ಇದು ಗೊತ್ತೇ ಇರಲಿಲ್ಲ.

ಮುಚ್ಚಿಡುವುದೋ, ಹೇಳುವುದೋ

ವಾಪಸ್ ಬರುವ ದಾರಿಯುದ್ದಕ್ಕೂ ಚರ್ಚೆ ಇದೇ. ನೋಟೀಸು ತೋರಿಸಿದರೆ ಎದುರಿನವರು ರಾಜಿಯ ಮಾತು ತೆಗೆದೇ ತೆಗೆಯುತ್ತಾರೆ. ದುಡ್ಡು ತೆಗೆದುಕೊಂಡ ಮೇಲೆ ಏನು ಹಕ್ಕು ಅನ್ನುತ್ತಾರೆ. ರಾಜಿಗೆ ಕಾಗದ ಇಲ್ಲ, ನಾವು ಬಾಯಿ ಬಿಡದಿದ್ದರೆ ಅವರಿಗೆ ರುಜುವಾತು ಮಾಡಲು ಆಗದು, ಸುಮ್ಮನಿರೋಣ ಅಂತ ಮೊಮ್ಮಗ. ನನಗೂ ಆ ಆಸೆ ಬಂದದ್ದು ನಿಜ.

ವಕೀಲರು ಒಪ್ಪಲಿಲ್ಲ. ನಾವೇ ಮೊದಲು ಹೇಳೋಣ ಅಂದರು. ಅವರ ವಾದ ಸರಳ. 1979ರ ನಂತರ ಸರ್ಕಾರದ ಅನುಮತಿ ಇಲ್ಲದೆ ಯಾರೂ ಈ ಹಕ್ಕನ್ನು ಮಾರಲಾಗದು, ಬಿಟ್ಟುಕೊಡಲೂ ಆಗದು. ಅರಳಿಕಟ್ಟೆಯ ರಾಜಿಗೆ ಕಾನೂನಿನ ಬೆಲೆ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಈ ಕುಟುಂಬ ಇಷ್ಟು ವರ್ಷ ಏಕೆ ಮಾತಾಡಲಿಲ್ಲ ಅನ್ನುವುದಕ್ಕೆ ಉತ್ತರ ಆ ರಾಜಿಯಲ್ಲೇ ಇದೆ. ಅತ್ತೆ ನಡೆದದ್ದನ್ನೆಲ್ಲ ಪ್ರಮಾಣಪತ್ರದಲ್ಲಿ ಹೇಳಿದರು, ತಾವೇ ಓದಿ ಸಹಿ ಮಾಡಿದರು. ಇಡೀ ಪ್ರಕರಣದಲ್ಲಿ ನಾವು ತೆಗೆದುಕೊಂಡ ಅತ್ಯಂತ ಒಳ್ಳೆಯ ತೀರ್ಮಾನ ಇದು ಎಂದು ನನ್ನ ನಂಬಿಕೆ.

2021ರಲ್ಲಿ ಹೈಕೋರ್ಟ್ ಎರಡೂ ಆದೇಶ ರದ್ದು ಮಾಡಿ, 1986ರ ಅರ್ಜಿ ಏನಾಯಿತು ಎಂದು ನೋಡಿ ಹೊಸದಾಗಿ ತೀರ್ಮಾನಿಸಿ ಎಂದು ಎಸಿಗೆ ಕಳಿಸಿತು. ಕಡತ ಸಿಗಲಿಲ್ಲ. ಕೇಸು ರಿಜಿಸ್ಟರ್ ಸಿಕ್ಕಿತು. ನಂಬರು, ಅಜ್ಜಿಯ ಹೆಸರು, ಜಮೀನಿನ ವಿವರ ಎಲ್ಲ ಇತ್ತು. ತೀರ್ಮಾನದ ಕಾಲಂ ಮಾತ್ರ ಖಾಲಿ. ಯಾರೂ ವಜಾ ಮಾಡಿರಲಿಲ್ಲ, ಯಾರೂ ಆದೇಶವನ್ನೂ ಬರೆದಿರಲಿಲ್ಲ.

ತಿದ್ದುಪಡಿಯನ್ನು ಎಷ್ಟು ನಂಬುವುದು

2023ರ ಜುಲೈನಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಅರ್ಜಿ ಹಾಕಲು ಕಾಲಮಿತಿ ಇಲ್ಲ, ಬಾಕಿ ಇರುವ ಎಲ್ಲ ಕೇಸಿಗೂ ಇದು ಅನ್ವಯ. ದಲಿತ ಸಂಘಟನೆಗಳು ಬಹಳ ಹೋರಾಡಿ ಪಡೆದ ತಿದ್ದುಪಡಿ. ನಮ್ಮ ಕಡೆ ಎಲ್ಲರಿಗೂ ಖುಷಿ. ಇನ್ನು ಹಳೇ ನೋಟೀಸಿನ ತಲೆನೋವು ಬೇಡ, ತಿದ್ದುಪಡಿ ಒಂದೇ ಸಾಕು ಎಂಬ ಮಾತು ಬಂತು. ವಕೀಲರು ಬೇಡ ಅಂದರು. 1986ರ ಅರ್ಜಿಯೇ ನಮ್ಮ ಮುಖ್ಯ ಆಧಾರ, ತಿದ್ದುಪಡಿ ಅದರ ಜೊತೆಗೆ.

ಅವರು ಹೇಳಿದ್ದು ಸರಿಯಾಯಿತು. 2023ರ ಡಿಸೆಂಬರಿನಲ್ಲಿ ಎಸಿ ನಮ್ಮ ಪರ ಆದೇಶ ಮಾಡಿದರು. ಎದುರಿನವರು ಡಿಸಿಗೆ ಅಪೀಲು ಹೋದರು. 2024ರ ಜುಲೈನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠವೊಂದು ಬೇರೆ ಪ್ರಕರಣದಲ್ಲಿ, ತಿದ್ದುಪಡಿ ಬಂದಿದ್ದರೂ ಅತಿಯಾದ ವಿಳಂಬವನ್ನು ನೋಡಲೇಬೇಕು, ಕಾಲಮಿತಿ ಬೇರೆ, ವಿಳಂಬ ಬೇರೆ ಎಂದು ಹೇಳಿತು. ಎದುರಿನ ವಕೀಲರು ಮುಂದಿನ ವಾಯಿದೆಗೇ ಆ ತೀರ್ಪು ತಂದರು. ತಿದ್ದುಪಡಿಯೊಂದನ್ನೇ ನೆಚ್ಚಿಕೊಂಡಿದ್ದರೆ ಅವತ್ತೇ ಕೇಸು ಅಲ್ಲಾಡುತ್ತಿತ್ತು. 2025ರಲ್ಲಿ ಡಿಸಿ ಅಪೀಲು ವಜಾ ಮಾಡಿದರು. ಏಳು ವರ್ಷಕ್ಕೆ ಹಾಕಿದ ಅರ್ಜಿ ತಡವಲ್ಲ, ಅದನ್ನು ತೀರ್ಮಾನಿಸದೆ ಬಿಟ್ಟದ್ದಕ್ಕೆ ಅರ್ಜಿದಾರರನ್ನು ಹೊಣೆ ಮಾಡಲಾಗದು ಎಂಬುದು ಆದೇಶದ ತಿರುಳು.

ಹಾಗಾಗಿ ಇಂಥ ಕೇಸು ಹಿಡಿದು ಬರುವವರಿಗೆ ಈಗ ನಾನು ಮೊದಲು ಕೇಳುವುದು ಇವತ್ತಿನ ಅರ್ಜಿ ಅಲ್ಲ. ನಿಮ್ಮ ಮನೆಯವರು ಹಿಂದೆ ಯಾವತ್ತಾದರೂ, ಯಾರಿಗಾದರೂ, ಈ ಜಮೀನಿನ ಬಗ್ಗೆ ಬರೆದುಕೊಟ್ಟಿದ್ದಾರಾ? ಎಸಿ ಕೋರ್ಟಿನ ಹಳೇ ಕೇಸು ರಿಜಿಸ್ಟರುಗಳನ್ನು 1979ರಿಂದ ವರ್ಷವಾರು ನೋಡಿಸಿ. ಕಡತ ಕಳೆದಿದ್ದರೂ ರಿಜಿಸ್ಟರ್ ಉಳಿದಿರುವುದುಂಟು. ಕ್ರಯಪತ್ರದ ನಕಲನ್ನು ಮೊದಲ ತಿಂಗಳೇ ತೆಗೆಸಿ, ನಾವು ಎರಡು ವರ್ಷ ತಡಮಾಡಿದೆವು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೆ ಸಹಿ ಹಾಕಿಸಲಷ್ಟೇ ಹೋಗಬೇಡಿ. ಕೂತು ಕೇಳಿ.

ಮೇಷ್ಟ್ರ ತೋಟ

ಒಂದು ವಿಷಯ ಬಾಕಿ ಇದೆ. 1996ರಲ್ಲಿ ಜಮೀನ್ದಾರರ ಮಕ್ಕಳು ಇದರಲ್ಲಿ ಒಂದು ಎಕರೆಯನ್ನು ಬೇರೆ ಊರಿನ ಒಬ್ಬ ಪ್ರೈಮರಿ ಶಾಲೆ ಮೇಷ್ಟ್ರಿಗೆ ಮಾರಿದ್ದರು. ಅವರೂ ಸಣ್ಣ ಹಿಂದುಳಿದ ಜಾತಿಯವರು. ಜಿಪಿಎಫ್, ಅಂದರೆ ನೌಕರರ ಭವಿಷ್ಯ ನಿಧಿಯ, ಸಾಲ ತೆಗೆದು ಕೊಂಡಿದ್ದು. ನಲವತ್ತೆರಡು ತೆಂಗು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದರು. ಮೂಲ ಮಾರಾಟವೇ ಬಿದ್ದುಹೋದ ಮೇಲೆ ಅವರದ್ದೂ ಬಿತ್ತು. ತಿಳಿಯದೆ ಕೊಂಡವರಿಗೆ ಈ ಕಾಯ್ದೆಯಲ್ಲಿ ರಕ್ಷಣೆ ಇಲ್ಲ.

ಸ್ವಾಧೀನ ಬಿಡಿಸುವ ದಿನ ರೆವಿನ್ಯೂ ಇನ್‌ಸ್ಪೆಕ್ಟರ್, ಸರ್ವೇಯರ್, ಇಬ್ಬರು ಪೊಲೀಸರು ಬಂದಿದ್ದರು. ಜಮೀನ್ದಾರರ ಮನೆಯಿಂದ ಯಾರೂ ಬರಲಿಲ್ಲ. ಅವರು ಹೈಕೋರ್ಟಿಗೆ ಹೋಗಿದ್ದಾರೆ, ತಡೆಯಾಜ್ಞೆ ಸಿಕ್ಕಿಲ್ಲ. ಮೇಷ್ಟ್ರು ಬಂದಿದ್ದರು. ಮಹಜರಿಗೆ ಸಹಿ ಹಾಕಿ ಒಂದು ಮರಕ್ಕೆ ಒರಗಿ ನಿಂತರು. ಅತ್ತೆ ಅವರ ಹತ್ತಿರ ಹೋಗಿ, 'ಈ ವರ್ಷದ ಕಾಯಿ ನೀವೇ ಕೀಳಿಸ್ಕೊಳ್ಳಿ ಮೇಷ್ಟ್ರೇ' ಅಂದರು. ಮೊಮ್ಮಗ ಬೇಡ ಅನ್ನಲಿಲ್ಲ. ಅವರಿಗೆ ದುಡ್ಡು ವಾಪಸ್ ಬರಬೇಕಾದದ್ದು ಮಾರಿದವರಿಂದ. ಅದಕ್ಕೆ ಸಿವಿಲ್ ದಾವೆ ಹಾಕಲು ಅದೇ ವಕೀಲರ ಹತ್ತಿರ ಕಳಿಸಲು ಆಗಲಿಲ್ಲ, ಬೇರೆಯವರ ನಂಬರು ಕೊಟ್ಟೆ.

ಪೋಡಿ, ಅಂದರೆ ಅಳತೆ ಮಾಡಿ ಜಮೀನು ಬೇರೆ ಮಾಡುವುದು, ಆಗಿ ಕಳೆದ ತಿಂಗಳು ಹೊಸ ಪಹಣಿ ಬಂತು. ಒಂಬತ್ತನೇ ಕಾಲಂನಲ್ಲಿ ನಾಲ್ಕು ಹೆಸರು, ಮೊಮ್ಮಗ ಮತ್ತು ಮೂವರು ಅತ್ತೆಯರು. ಸರ್ಕಾರದ ಗಂಗಾ ಕಲ್ಯಾಣ ಯೋಜನೆಯಲ್ಲಿ ಕೊಳವೆಬಾವಿಗೆ ಅರ್ಜಿ ಹಾಕುವ ಮಾತು ನಡೆದಿದೆ. ಕಿರಿಯ ಅತ್ತೆ ಪಹಣಿಯನ್ನು ಗಟ್ಟಿಯಾಗಿ ಓದಿದರು. ತಮ್ಮ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದೆ ಎಂದು ತೋರಿಸಿದರು. ಆಮೇಲೆ ಕೇಳಿದರು, 'ಆ ನೋಟೀಸು ಯಾವಾಗ ಕೊಡ್ತಾರೆ ಕಣಮ್ಮ?' ಅಸಲು ಎಸಿ ಕೋರ್ಟಿನ ಕಡತದಲ್ಲಿದೆ. ಹೆಸರು ತಿದ್ದುಪಡಿಗೆ ಒಂದು, ಅಸಲು ವಾಪಸ್ ಪಡೆಯಲು ಒಂದು, ಎರಡು ಅರ್ಜಿಯನ್ನೂ ಅವರೇ ಕೈಯಾರೆ ಬರೆದರು. ಸೋಮವಾರ ಟಪಾಲಿಗೆ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದೆವು.